ಗಂಡನಿಗೊಂದು ಹಾಳೆ, ಹೆಂಡತಿಗೊಂದು ಹಾಳೆ

ಗಂಡ ಹೆಂಡತಿಯ ಸಾಲಗಳನ್ನು ಬೇರೆ ಬೇರೆ ಹಾಳೆಯಲ್ಲಿ ಬರೆಸಿದರೆ ಸಾಲ ತೀರುತ್ತಾ ಅಂತ ನಮ್ಮ ಸ್ವಸಹಾಯ ಸಂಘದಲ್ಲಿ ನಕ್ಕವರೇ ಜಾಸ್ತಿ. ಈಗ ಏಳೆಂಟು ಮನೆಗಳು ಸುಧಾರಿಸಿಕೊಂಡಿವೆ, ಅದಕ್ಕೇ ಬರೆಯುತ್ತಿದ್ದೇನೆ.

ಸಂಘದ ಪುಸ್ತಕ ಬರೆಯುವವರಿಗೆ ಬಡ್ಡಿ ಲೆಕ್ಕ ಹೇಳಿಕೊಡಬೇಕಿಲ್ಲ, ಪಟ್ಟಿ ಮಾಡಿಸುವ ಬಗೆ ಹೇಳುತ್ತೇನೆ. ಮೊದಮೊದಲು ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಸಾಲದ ಪಟ್ಟಿ ಮಾಡಿಸುತ್ತಿದ್ದೆ. ಇಬ್ಬರೂ ತಲೆ ಆಡಿಸುತ್ತಿದ್ದರು. ಎರಡು ಮೂರು ತಿಂಗಳಿಗೆ ಯಾವುದೋ ಕೈಸಾಲ ಹೊರಗೆ ಬೀಳುತ್ತಿತ್ತು. ಪಟ್ಟಿ ದಂಡ.

ಆಮೇಲೆ ಬೇರೆ ಬೇರೆ ಕೂರಿಸಿದೆ. ಮಂಡ್ಯ ಕಡೆಯ ಒಂದು ಮನೆ. ಹೆಂಡತಿಯ ಹಾಳೆಯಲ್ಲಿ ಮೂರು ಮೈಕ್ರೋಫೈನಾನ್ಸ್ ಸಾಲ (ಅಡವಿಲ್ಲದೆ ಕೊಡುವ ಸಣ್ಣ ಸಾಲ), ಸುಮಾರು 1 ಲಕ್ಷ 10 ಸಾವಿರ. ಗಂಡನದರಲ್ಲಿ ಒಡವೆ ಸಾಲ, ಸೊಸೈಟಿ ಸಾಲ, ಜೊತೆಗೆ ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿಯ 60 ಸಾವಿರ ಕೈಸಾಲ. ಕೊನೆಯದು ಹೆಂಡತಿಗೆ ಗೊತ್ತೇ ಇರಲಿಲ್ಲ. ತಂಗಿ ಮನೆ ಗೃಹಪ್ರವೇಶಕ್ಕೆ ಉಂಗುರ, ಊರ ಹಬ್ಬಕ್ಕೆ ಬಾಡೂಟ ಅಂತ ಶುರುವಾದದ್ದು. ತಿಂಗಳಿಗೆ 3 ಸಾವಿರ ಬರೀ ಬಡ್ಡಿ.

ಮನೆಯ ಎಲ್ಲ ಸಾಲದ ತಿಂಗಳ ಕಂತು ಸೇರಿ ಮನೆಯ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಮೈಕ್ರೋಫೈನಾನ್ಸ್‌ನವರಿಗೆ ಹೇಳಿದೆ. ಮನೆಯವಳಿಗೇ ಗೊತ್ತಿಲ್ಲದ ಸಾಲವನ್ನು ಅವರ ಯಾವ ಫಾರಂನಲ್ಲಿ ಹುಡುಕುವುದು?

ಇನ್ನೊಂದು ಚಾಳಿ. ಯಾರು ಬಾಗಿಲಲ್ಲಿ ಜೋರು ಮಾಡುತ್ತಾರೋ ಅವರಿಗೆ ಮೊದಲು ಕೊಡುತ್ತಾರೆ. ವಾರದ ಕಂತಿನ ಮೈಕ್ರೋಫೈನಾನ್ಸ್‌ನವರು ತಪ್ಪದೆ ಬರುತ್ತಾರಲ್ವಾ, ದುಡ್ಡೆಲ್ಲ ಅಲ್ಲಿಗೆ. ಐದು ರೂಪಾಯಿ ಬಡ್ಡಿಯವನು ಮಾತೇ ಆಡಲ್ಲ. ಅವನಿಗೆ ಅಸಲು ಬೇಕಾಗಿಯೇ ಇಲ್ಲ.

ಸಂಘದಿಂದ ನೂರಕ್ಕೆ 1 ರೂಪಾಯಿಯಲ್ಲಿ 60 ಸಾವಿರ ಕೊಡಿಸಿ ಅವನದನ್ನು ಒಂದೇ ಸಲ ತೀರಿಸಿದೆವು. ಅವನಿಗೆ ಬರೆದುಕೊಟ್ಟಿದ್ದ ಸಾಲದ ಪತ್ರ, ಪ್ರೋನೋಟು, ನನ್ನೆದುರೇ ಹರಿದು ಹಾಕಿಸಿದೆ. "ಸಾಲ ತೀರಿಸೋಕೆ ಸಾಲವಾ ಅಕ್ಕ?" ಅಂತ ಗಲಾಟೆಯಾಯಿತು. ತಿಂಗಳ ಬಡ್ಡಿ 600ಕ್ಕೆ ಇಳಿಯಿತು. ಆದರೂ ತಿಂಗಳಿಗೆ ಅದೇ 3 ಸಾವಿರ ಕಟ್ಟಿಸಿದೆ. ಎರಡು ವರ್ಷದೊಳಗೆ ಅಸಲೂ ಮುಗಿಯಿತು. ಈ ಐಡಿಯಾ ನನ್ನದೇ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ನಡುವೆ ಖರ್ಚು ಇಳಿಯುತ್ತಾ ಅಂತ ಕೆಲವು ಮನೆಯಲ್ಲಿ ಫೋನಿನಿಂದ ದುಡ್ಡು ಕಳಿಸುವುದನ್ನು ಬಿಡಿಸಿ ನೋಡಿದೆ. ಒಂದರಲ್ಲಿ ಸಾವಿರದಷ್ಟು ಉಳಿಯಿತು. ಇನ್ನೊಂದರಲ್ಲಿ ಅಂಗಡಿ ಉದ್ರಿ ಏರಿತು. ಕೈಬಿಟ್ಟೆ.

ಗಂಡಸರು ಮುಚ್ಚಿಟ್ಟ ಸಾಲ ಹೊರಗೆಳೆಯಲು ನಾನು ಒಂದು ಪ್ರಶ್ನೆ ಕೇಳುತ್ತೇನೆ. ಇಲ್ಲಿ ಬರೆದರೆ ಅವರೂ ಓದಿಬಿಡುತ್ತಾರೆ, ಬೇಡ.

ಮಂಡ್ಯ ಕಡೆಯ ಆ ಮನೆಯ ಒಡವೆ ಇನ್ನೂ ಅಡದಲ್ಲಿದೆ, ಕಬ್ಬಿನ ದುಡ್ಡು ಬರಬೇಕು. ಮೈಕ್ರೋಫೈನಾನ್ಸ್ ಎರಡು ಮುಗಿದಿವೆ. ಮೂರನೆಯವರು ಇನ್ನೂ ಜಾಸ್ತಿ ಕೊಡ್ತೀವಿ ಅಂತ ಬಂದಿದ್ದರಂತೆ. ಆಯಮ್ಮ ಸಹಿ ಹಾಕುವ ಮೊದಲು ಗಂಡನಿಗೂ ಹೇಳಿ, ನನಗೂ ಫೋನ್ ಮಾಡಿದರು. ಬೇಡ ಅಂದೆ.