ಡಿ.ಒ. ವಿದ್ಯಾರ್ಥಿಯಾಗಿ ನಾನು ರೆಸಿಡೆನ್ಸಿಗೆ ಸಿದ್ಧನಾದ ಬಗೆ

ಅಮೆರಿಕದಲ್ಲಿ ಆಸ್ಟಿಯೋಪಥಿಕ್ ಕಾಲೇಜಿನಲ್ಲಿ (ಕೈಯಿಂದ ಮಾಡುವ ಚಿಕಿತ್ಸೆಯನ್ನೂ ಕಲಿಸುವ ವೈದ್ಯಕೀಯ ಕಾಲೇಜು) ಓದಿ ಡಿ.ಒ. ಪದವಿ ಪಡೆದವರು ಎಂ.ಡಿ. ಪದವೀಧರರಷ್ಟೇ ಪೂರ್ಣ ಅಧಿಕಾರವುಳ್ಳ ವೈದ್ಯರು. 2020ರಲ್ಲಿ ರೆಸಿಡೆನ್ಸಿಗಳೆಲ್ಲ, ಅಂದರೆ ಪದವಿಯ ನಂತರ ಆಸ್ಪತ್ರೆಯಲ್ಲಿ ಪಡೆಯುವ ತಜ್ಞ ತರಬೇತಿಗಳೆಲ್ಲ, ಎಸಿಜಿಎಂಇ ಎಂಬ ಒಂದೇ ಮಾನ್ಯತಾ ಸಂಸ್ಥೆಯ ಅಡಿಗೆ ಬಂದ ಮೇಲೆ ಇಬ್ಬರೂ ಒಂದೇ ಮ್ಯಾಚ್‌ನಲ್ಲಿ, ಅಂದರೆ ಅಭ್ಯರ್ಥಿಗಳ ಹಾಗೂ ಆಸ್ಪತ್ರೆಗಳ ಆಯ್ಕೆಗಳನ್ನು ಹೊಂದಿಸಿ ಸ್ಥಾನ ಹಂಚುವ ವ್ಯವಸ್ಥೆಯಲ್ಲಿ, ಸ್ಪರ್ಧಿಸುತ್ತಾರೆ. ಆದರೆ ನಮ್ಮ ಬಹಳಷ್ಟು ಕಾಲೇಜುಗಳಿಗೆ ಸ್ವಂತ ಆಸ್ಪತ್ರೆ ಇಲ್ಲ. ಮೆಡಿಕಲ್ ಕಾಲೇಜೆಂದರೆ ಪಕ್ಕದಲ್ಲೇ ಆಸ್ಪತ್ರೆ ಇರುತ್ತದೆಂದು ತಿಳಿದಿರುವ ಕರ್ನಾಟಕದ ನನ್ನ ಬಂಧುಗಳಿಗೆ ಇದು ಇಂದಿಗೂ ಸೋಜಿಗ. ಮೂರನೆಯ ವರ್ಷದಲ್ಲಿ ನಮ್ಮನ್ನು ಬೇರೆ ಬೇರೆ ಊರುಗಳ ಸಮುದಾಯ ಆಸ್ಪತ್ರೆಗಳಿಗೂ ಕ್ಲಿನಿಕ್‌ಗಳಿಗೂ ರೊಟೇಶನ್‌ಗೆ, ಅಂದರೆ ವಿಭಾಗವಾರು ತರಬೇತಿಗೆ, ಕಳುಹಿಸುತ್ತಾರೆ.

ಅಲ್ಲಿ ಸಿಗುವ ಕಲಿಕೆ ಅಮೂಲ್ಯವಾದದ್ದು. ನಡುವೆ ರೆಸಿಡೆಂಟ್‌ಗಳಿಲ್ಲದ ಕಾರಣ ಪ್ರಿಸೆಪ್ಟರ್ (ವಿದ್ಯಾರ್ಥಿಗೆ ಮಾರ್ಗದರ್ಶನ ಮಾಡುವ ಹಿರಿಯ ವೈದ್ಯರು) ನೇರವಾಗಿ ನನಗೇ ಕಲಿಸುತ್ತಿದ್ದರು. ಹೊಲಿಗೆ ಹಾಕುವುದು, ಹೆರಿಗೆಯಲ್ಲಿ ನೆರವಾಗುವುದು ನನ್ನ ಕೈಗೇ ಬರುತ್ತಿತ್ತು. ಆದರೆ ಬೆಳಗಿನ ರೌಂಡ್ಸ್‌ನಲ್ಲಿ ಇಡೀ ತಂಡದ ಮುಂದೆ ನಿಂತು ರೋಗಿಯ ವಿಷಯವನ್ನು ಮಂಡಿಸುವ ಅಭ್ಯಾಸ ಅಲ್ಲಿ ಆಗುವುದಿಲ್ಲ. ರೆಸಿಡೆನ್ಸಿಯವರು ನಾಲ್ಕನೆಯ ವರ್ಷದ ಆಡಿಷನ್ ರೊಟೇಶನ್‌ನಲ್ಲಿ (ಸೇರಬಯಸುವ ಆಸ್ಪತ್ರೆಯಲ್ಲಿ ಕೆಲಸ ಮಾಡಿ ತೋರಿಸುವ ಅವಧಿ) ಮುಖ್ಯವಾಗಿ ಗಮನಿಸುವುದು ಅದನ್ನೇ. ಆದ್ದರಿಂದ ಇಂಟರ್ನಲ್ ಮೆಡಿಸಿನ್‌ನ ಒಂದು ರೊಟೇಶನ್ನಾದರೂ ರೆಸಿಡೆಂಟ್‌ಗಳಿರುವ ಆಸ್ಪತ್ರೆಯಲ್ಲಿ ಆಗಲೇಬೇಕೆಂದು ಕಾಲೇಜಿನ ಕಚೇರಿಯನ್ನು ಪಟ್ಟುಹಿಡಿದು ಕೇಳಿ ಪಡೆದುಕೊಂಡೆ. ಇಡೀ ತಯಾರಿಯಲ್ಲಿ ನನಗೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ ಎಂದು ನಂಬಿದ್ದೇನೆ.

ರೆಸಿಡೆಂಟ್‌ಗಳಿಲ್ಲದ ಕಡೆಯೂ ಆ ಅಭ್ಯಾಸವನ್ನು ಬಿಡಲಿಲ್ಲ. ನ್ಯುಮೋನಿಯಾದಿಂದ ದಾಖಲಾಗಿದ್ದ ವೃದ್ಧೆಯೊಬ್ಬರ ವಿಷಯವನ್ನು ಪ್ರಿಸೆಪ್ಟರ್‌ಗೆ ಹೇಳುವಾಗ ವಯಸ್ಸು, ಹಿಂದಿನ ಕಾಯಿಲೆಗಳು, ಬಂದ ಕಾರಣ ಇಷ್ಟನ್ನು ಮೊದಲ ವಾಕ್ಯದಲ್ಲೇ ಹೇಳಿ, ರಾತ್ರಿ ಆಮ್ಲಜನಕ ಎಷ್ಟು ಬೇಕಾಯಿತು, ಜ್ವರ ಇಳಿಯಿತೇ ಎಂಬುದನ್ನು ತಿಳಿಸಿ, ಸೆಫ್ಟ್ರಿಯಾಕ್ಸೋನ್ ಜೊತೆಗೆ ಇನ್ನೊಂದು ಆಂಟಿಬಯಾಟಿಕ್ ಆದ ಅಜಿತ್ರೋಮೈಸಿನ್ ಏಕೆ, ಬಾಯಿಯ ಮಾತ್ರೆಗೆ ಯಾವಾಗ ಬದಲಾಯಿಸಬಹುದು ಎಂಬ ನನ್ನ ಅಭಿಪ್ರಾಯದೊಂದಿಗೆ ಮುಗಿಸುತ್ತಿದ್ದೆ. ಆಕೆಯ ಒಪ್ಪಿಗೆ ಪಡೆದು ರಿಬ್ ರೈಸಿಂಗ್ ಕೂಡ ಮಾಡಿದೆ: ಮಲಗಿದ್ದಲ್ಲೇ ಬೆನ್ನಿನ ಕೆಳಗೆ ಕೈ ತೂರಿಸಿ, ಬೆರಳ ತುದಿಗಳನ್ನು ಬೆನ್ನುಮೂಳೆಯ ಬದಿಯಲ್ಲಿ ಪಕ್ಕೆಲುಬುಗಳು ಬಾಗುವ ಜಾಗಕ್ಕೆ ಇಟ್ಟು ಮೆಲ್ಲನೆ ಮೇಲಕ್ಕೆತ್ತುವ ವಿಧಾನ ಅದು. ಔಷಧಕ್ಕೆ ಅದು ಪರ್ಯಾಯವಲ್ಲ. ಆದರೂ ಎರಡು ವರ್ಷ ಕಲಿತ ಹಸ್ತಕೌಶಲವನ್ನು ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟುಬಿಡುವುದು ನನಗೆ ಸರಿಯೆನಿಸಲಿಲ್ಲ.

ಪರೀಕ್ಷೆಗಳ ವಿಷಯದಲ್ಲಿ, ಡಿ.ಒ. ವಿದ್ಯಾರ್ಥಿಗಳ ಪರವಾನಗಿ ಪರೀಕ್ಷೆಯಾದ ಕಾಮ್‌ಲೆಕ್ಸ್ ನಮಗೆ ಕಡ್ಡಾಯ, ಎಂ.ಡಿ. ವಿದ್ಯಾರ್ಥಿಗಳು ಬರೆಯುವ ಯುಎಸ್‌ಎಂಎಲ್‌ಇ ಐಚ್ಛಿಕ. ಎರಡರ ಮೊದಲ ಹಂತವೂ 2022ರಿಂದ ಉತ್ತೀರ್ಣ-ಅನುತ್ತೀರ್ಣ ಎಂದಷ್ಟೇ ಆಗಿರುವುದರಿಂದ ಎರಡನೆಯ ಹಂತದ ಅಂಕಗಳ ತೂಕ ಹೆಚ್ಚಿದೆ. ಕೆಲವು ರೆಸಿಡೆನ್ಸಿ ಕಾರ್ಯಕ್ರಮಗಳು ಇಂದಿಗೂ ಯುಎಸ್‌ಎಂಎಲ್‌ಇ ಅಂಕವನ್ನೇ ಬಯಸುತ್ತವೆಯಾದ್ದರಿಂದ ನಾನು ಅದರ ಎರಡನೆಯ ಹಂತವಾದ ಸ್ಟೆಪ್ 2 ಕೂಡ ಬರೆದೆ. ಪ್ರತ್ಯೇಕವಾಗಿ ಓದಿದ್ದಕ್ಕಿಂತ, ಹಗಲು ನೋಡಿದ ರೋಗಿಯ ಕಾಯಿಲೆಯ ಮೇಲೆ ಅದೇ ರಾತ್ರಿ ಪ್ರಶ್ನೆಗಳನ್ನು ಬಿಡಿಸಿದ್ದು ಹೆಚ್ಚು ನೆನಪಿನಲ್ಲಿ ಉಳಿಯಿತು.

ಶಿಫಾರಸು ಪತ್ರವನ್ನು ರೊಟೇಶನ್‌ನ ಕೊನೆಯ ವಾರದಲ್ಲೇ ಕೇಳಬೇಕು, ಏಕೆಂದರೆ ತಿಂಗಳುಗಳು ಕಳೆದ ಮೇಲೆ ಬರೆಯುವ ವೈದ್ಯರಿಗೆ ನಿಮ್ಮ ಕೆಲಸದ ವಿವರಗಳು ಮರೆತಿರುತ್ತವೆ. ಕೇಳುವಾಗ ನಾನು ನೋಡಿಕೊಂಡ ರೋಗಿಗಳ ಕುರಿತು, ಅವರ ಗುರುತು ಸಿಗದಂತೆ, ಒಂದು ಪುಟದ ಟಿಪ್ಪಣಿಯನ್ನೂ ಕೊಡುತ್ತಿದ್ದೆ. ಸೆಪ್ಟೆಂಬರ್‌ನಲ್ಲಿ ಇರಾಸ್ ಎಂಬ ಆನ್‌ಲೈನ್ ಅರ್ಜಿ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸುವ ಹೊತ್ತಿಗೆ ಪತ್ರಗಳೆಲ್ಲ ಬಂದಿದ್ದವು. ಮುಂದೆ ರ‍್ಯಾಂಕ್ ಪಟ್ಟಿ ಮಾಡುವಾಗ, ಎಲ್ಲಿ ಸಿಗಬಹುದೆಂಬ ಲೆಕ್ಕಾಚಾರ ಬದಿಗಿಟ್ಟು, ಆಸ್ಪತ್ರೆಗಳನ್ನು ನನಗೆ ಬೇಕಾದ ಕ್ರಮದಲ್ಲೇ ಬರೆದೆ. ಮ್ಯಾಚ್‌ನ ಗಣಿತ ಅಭ್ಯರ್ಥಿಯ ಇಷ್ಟಕ್ಕೇ ಮೊದಲ ಮನ್ನಣೆ ಕೊಡುತ್ತದೆ. ಆಡಿಷನ್ ಮಾಡಿದ್ದ ಆಸ್ಪತ್ರೆಯನ್ನು ಮೊದಲಿಗೆ ಇಟ್ಟಿದ್ದೆ, ಮಾರ್ಚ್‌ನಲ್ಲಿ ಅಲ್ಲಿಯೇ ಸ್ಥಾನ ದೊರೆಯಿತು.