ನಲವತ್ತೆರಡನೆಯ ವಯಸ್ಸಿಗೆ ಚಾನ್ಸೆನ್‌ಕಾರ್ಟೆ: ಅಂಕ ಎಣಿಸದೆ ಜರ್ಮನಿಗೆ ಬಂದ ನನ್ನ ಅನುಭವ

ಚಾನ್ಸೆನ್‌ಕಾರ್ಟೆ ಎಂದರೆ ಜರ್ಮನಿಗೆ ಹೋಗಿ ಅಲ್ಲೇ ಕೆಲಸ ಹುಡುಕಲು ಕೊಡುವ ಪರವಾನಗಿ. ಅದಕ್ಕೆ ಬೇಕೆನ್ನುವ ಆರು ಅಂಕ ಕೂಡಲಿಲ್ಲವೆಂದು ಆಸೆಯನ್ನೇ ಕೈಬಿಟ್ಟವರು ನನ್ನ ಪರಿಚಯದಲ್ಲಿ ಅನೇಕರಿದ್ದಾರೆ. ನನಗೂ ಎಲ್ಲರೂ ಹಾಗೆಯೇ ಹೇಳಿದ್ದರು. ವಯಸ್ಸು ನಲವತ್ತೆರಡು, ಅದಕ್ಕೆ ಅಂಕವಿಲ್ಲ. ಜರ್ಮನ್ ಭಾಷೆ ಎ1 ಎಂಬ ಮೊದಲ ಮಟ್ಟಕ್ಕೆ ನಿಂತಿತ್ತು, ಅದಕ್ಕೂ ಇಲ್ಲ. ಅನುಭವಕ್ಕೆ ಮೂರು, ಎಂಜಿನಿಯರುಗಳ ಕೊರತೆ ಇರುವುದರಿಂದ ಒಂದು. ಇಂಗ್ಲಿಷಿನ ಉನ್ನತ ಮಟ್ಟದ ಸಿ1 ಪರೀಕ್ಷೆ ಬರೆದರೂ ಐದಕ್ಕೆ ಮೇಲೆ ಏರುವಂತಿರಲಿಲ್ಲ. ಬೆಂಗಳೂರಿನ ಏಜೆಂಟರೊಬ್ಬರು ಇಷ್ಟನ್ನು ಲೆಕ್ಕ ಹಾಕಿ ಕೊಡಲು ಮೂವತ್ತು ಸಾವಿರದಷ್ಟು ಪಡೆದು, ಬೇರೆ ದೇಶ ನೋಡಿಕೊಳ್ಳಿ ಎಂದರು.

ಆದರೆ ಜರ್ಮನಿಯ ನಿವಾಸ ಕಾಯ್ದೆಯಲ್ಲಿರುವುದು ಅಂಕದ ದಾರಿಯೊಂದೇ ಅಲ್ಲ. 2024ರ ಜೂನ್ 1ರಂದು ಜಾರಿಗೆ ಬಂದ 20ಎ ಕಲಂ ಓದಿ ನೋಡಿ. ಪದವಿ ಜರ್ಮನ್ ಪದವಿಗೆ ಸಮವೆಂದು ದಾಖಲೆ ಇದ್ದವನು ಕುಶಲ ವೃತ್ತಿಪರನೆಂದೇ ಕಾರ್ಡ್ ಪಡೆಯಬಹುದು. ಅವನಿಗೆ ಅಂಕವೂ ಬೇಡ, ಭಾಷಾ ಪ್ರಮಾಣಪತ್ರದ ಷರತ್ತೂ ಇಲ್ಲ. ಇದನ್ನು ಹೇಳಿದಾಗ ಪೀಣ್ಯದ ನನ್ನ ಸಹೋದ್ಯೋಗಿಗಳು ನಂಬಲಿಲ್ಲ. ಏಜೆಂಟರಂತೂ ಹಾಗೆ ಯಾರಿಗೂ ಸಿಕ್ಕಿಲ್ಲ ಎಂದು ವಾದಿಸಿದರು. ನನಗೆ ಸಿಕ್ಕಿತು.

ಅದಕ್ಕೂ ಮೊದಲು ವರ್ಷಕ್ಕಿಂತ ಹೆಚ್ಚು ಕಾಲ ಊರಿನಲ್ಲೇ ಕುಳಿತು ನೇರವಾಗಿ ಬ್ಲೂ ಕಾರ್ಡ್‌ಗೆ, ಅಂದರೆ ಕೆಲಸ ಸಿಕ್ಕ ಪದವೀಧರರಿಗೆ ಕೊಡುವ ನಿವಾಸ ಪರವಾನಗಿಗೆ, ಕಂಪನಿಗಳನ್ನು ಹುಡುಕಿದ್ದೆ. ಸಂದರ್ಶನದವರೆಗೆ ಬರುತ್ತಿತ್ತು. ವೀಸಾ ಮಾತು ಬಂದ ಕೂಡಲೇ ಆ ಕಡೆ ಮೌನ. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರ ದುರಸ್ತಿ ಮಾಡುವವನ ಕೈಕೆಲಸ ವಿಡಿಯೊ ಕರೆಯಲ್ಲಿ ಕಾಣುವುದಿಲ್ಲ. ಆ ಊರಿಗೇ ಹೋಗಿ ನಿಂತರೆ ಮಾತ್ರ ಬೇಳೆ ಬೇಯುತ್ತದೆ ಎಂಬುದು ಆಗ ಖಚಿತವಾಯಿತು.

ವಿದೇಶಿ ಪದವಿಗಳ ಜರ್ಮನ್ ದತ್ತಾಂಶಪಟ್ಟಿಯಾದ ಅನಾಬಿನ್‌ನಲ್ಲಿ ನನ್ನ ವಿಶ್ವವಿದ್ಯಾಲಯಕ್ಕೆ ಎಚ್ ಪ್ಲಸ್, ಅಂದರೆ ಮಾನ್ಯತೆಯ ಗುರುತು, ಇತ್ತು, ಆದರೆ ನನ್ನ ಪದವಿಯ ಹೆಸರು ಸರಿಯಾಗಿ ಹೊಂದುತ್ತಿರಲಿಲ್ಲ. ಬಹುತೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ನಾನು 208 ಯೂರೊ ಕಟ್ಟಿ ವಿದೇಶಿ ಪದವಿಗಳನ್ನು ತೂಗಿ ನೋಡುವ ಜರ್ಮನ್ ಕಚೇರಿಯಾದ ಝಡ್‌ಎಬಿಯಿಂದ ಸಮಾನತೆಯ ಹೇಳಿಕೆ ತರಿಸಿಕೊಂಡೆ. ಎರಡು ತಿಂಗಳ ಮೇಲೆ ಹಿಡಿಯಿತು. ಇಡೀ ಪ್ರಕ್ರಿಯೆಯಲ್ಲಿ ಇಷ್ಟು ಸಾರ್ಥಕವಾಗಿ ನಾನು ಖರ್ಚು ಮಾಡಿದ ದುಡ್ಡು ಬೇರೊಂದಿಲ್ಲ.

ಇನ್ನು ಬ್ಲಾಕ್ಡ್ ಖಾತೆ, ಅಂದರೆ ಜೀವನ ಖರ್ಚಿಗೆಂದು ಮೊದಲೇ ಹಣ ಇಟ್ಟು ತಿಂಗಳಿಗಿಷ್ಟೇ ಎಂದು ತೆಗೆಯುವ ಖಾತೆ. 2025ಕ್ಕೆ ತಿಂಗಳಿಗೆ 1,091 ಯೂರೊ, ವರ್ಷಕ್ಕೆ 13,092. ನಮ್ಮ ದುಡ್ಡಿನಲ್ಲಿ ಹನ್ನೆರಡೂವರೆ ಲಕ್ಷದ ಆಸುಪಾಸು. ಒಂದೇ ಸಲ ಕಳುಹಿಸಿದ್ದರೆ ಮಿತಿ ದಾಟಿದ ಮೊತ್ತಕ್ಕೆ ಬ್ಯಾಂಕ್ ಶೇ 20ರಷ್ಟು ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತಿತ್ತು. ರಿಟರ್ನ್ಸ್ ಸಲ್ಲಿಸಿದರೆ ಅದು ವಾಪಸ್ ಬರುತ್ತದೆ ನಿಜ, ಆದರೆ ಹೊರಡುವ ಹೊತ್ತಿನಲ್ಲಿ ಕೈ ಖಾಲಿಯಾಗುತ್ತದೆ. ಮಿತಿ ಆರ್ಥಿಕ ವರ್ಷಕ್ಕೆ ಲೆಕ್ಕ. ಆಗ 7 ಲಕ್ಷ ಇದ್ದದ್ದು 2025ರ ಏಪ್ರಿಲ್‌ನಿಂದ 10 ಲಕ್ಷ ಆಯಿತು. ನಾನು ಮಾರ್ಚ್ ಕೊನೆಯಲ್ಲಿ ಅರ್ಧ, ಏಪ್ರಿಲ್ ಮೊದಲಲ್ಲಿ ಉಳಿದರ್ಧ ಕಳುಹಿಸಿದೆ. ಒಂದು ಪೈಸೆ ಟಿಸಿಎಸ್ ಬೀಳಲಿಲ್ಲ. ಬ್ಯಾಂಕಿನವರೇ ನನ್ನಿಂದ ಕೇಳಿ ತಿಳಿದುಕೊಂಡರು.

ವೀಸಾಕ್ಕೆ 75 ಯೂರೊ. ಅರ್ಜಿ ಆನ್‌ಲೈನಿನಲ್ಲಿ. ಅಂಕದ ಪಟ್ಟಿಯ ಬದಲು ಝಡ್‌ಎಬಿ ಪತ್ರವನ್ನು ಮುಂದಿಟ್ಟು, ನಾನು ಯಾವ ಷರತ್ತಿನಡಿ ಅರ್ಹ ಎಂದು ಒಂದು ಪುಟದ ಪತ್ರ ಬರೆದೆ. ಆ ಪತ್ರದ ಒಕ್ಕಣೆಯನ್ನು ಇಲ್ಲಿ ಕೊಡುವುದಿಲ್ಲ. ಅದಕ್ಕೆ ವಾರಗಟ್ಟಲೆ ಕುಳಿತಿದ್ದೇನೆ.

ಬಾಡೆನ್-ವುರ್ಟೆಂಬರ್ಗ್‌ಗೆ ಬಂದ ಮೇಲೆ ಶುರುವಾಯಿತು ನಿಜವಾದ ಪರದಾಟ. ವಿಳಾಸ ನೋಂದಣಿಗೆ ಮನೆ ಕೊಟ್ಟವರ ಸಹಿಯ ಪತ್ರ ಬೇಕು. ತಾತ್ಕಾಲಿಕ ಕೋಣೆ ಕೊಡುವವರು ಸಹಿ ಹಾಕುವುದಿಲ್ಲ. ನೋಂದಣಿ ಇಲ್ಲದೆ ನಾನು ಕೇಳಿದ ಬ್ಯಾಂಕ್ ಖಾತೆ ತೆರೆಯಲಿಲ್ಲ. ಖಾತೆ ಇಲ್ಲದೆ ಬ್ಲಾಕ್ ಆದ ನನ್ನದೇ ಹಣ ಕೈಗೆ ಬರಲಿಲ್ಲ. ಒಂದು ಕೋಣೆಗೆ ಮುಂಗಡ ಕಟ್ಟಿ ಅದು ಮುಳುಗಿಯೇ ಹೋಯಿತು, ಐನೂರು ಯೂರೊ ಹತ್ತಿರ. ಕೊನೆಗೆ ಹಳ್ಳಿಯೊಂದರ ವೃದ್ಧೆ ಸಹಿ ಹಾಕಿಕೊಟ್ಟರು. ಪೇಟೆಯಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರವಾದರೂ ಬಾಡಿಗೆ ಕಡಿಮೆ, ಮೇಲಾಗಿ ಅಲ್ಲಿನ ಕಚೇರಿಯಲ್ಲಿ ಸರದಿಯೇ ಇರಲಿಲ್ಲ.

ಈ ಕಾರ್ಡ್‌ನಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ಗೋದಾಮಿನಲ್ಲಿ ಮಾಡಿ ನೋಡಿದೆ; ಊಟದ ಖರ್ಚು ಹುಟ್ಟಿತು, ಭಾಷೆಯೂ ಸ್ವಲ್ಪ ಬಂತು, ಮುಖ್ಯ ಉದ್ದೇಶಕ್ಕೆ ಉಪಯೋಗವಾಗಲಿಲ್ಲ. ಇಮೇಲ್ ಬಿಟ್ಟು ಅಂಚೆಯಲ್ಲಿ ಅರ್ಜಿ ಕಳುಹಿಸುವ ಪ್ರಯೋಗವನ್ನೂ ಮಾಡಿದೆ. ಸಣ್ಣ ಕಾರ್ಖಾನೆಗಳಿಂದ ಅದಕ್ಕೇ ಹೆಚ್ಚು ಉತ್ತರ ಬಂತು.

ನಿಜಕ್ಕೂ ಫಲ ಕೊಟ್ಟದ್ದು ಈ ಕಾರ್ಡ್‌ನಲ್ಲಿರುವ ಎರಡು ವಾರದ ಪ್ರಾಯೋಗಿಕ ಕೆಲಸದ ಅವಕಾಶ. ಒಂದು ಕಾರ್ಖಾನೆಯಲ್ಲಿ ಹಳೆಯ ಗ್ರೈಂಡಿಂಗ್ ಯಂತ್ರ ತಿಂಗಳುಗಳಿಂದ ಕಾಡುತ್ತಿತ್ತು. ಸ್ಪಿಂಡಲ್ ಮೂತಿಗೆ ಡಯಲ್ ಗೇಜ್ ಇಟ್ಟು ಕೈಯಿಂದ ನಿಧಾನವಾಗಿ ತಿರುಗಿಸಿದೆ. ಮುಳ್ಳು ಒಂದೇ ಜಾಗದಲ್ಲಿ ಪ್ರತಿ ಸಲವೂ ಜಿಗಿಯಿತು. ಬೇರಿಂಗ್ ಕೂರಿಸಿದ್ದೇ ಓರೆಯಾಗಿತ್ತು. ಬಿಚ್ಚಿ, ಒರೆಸಿ, ಮತ್ತೆ ಕೂರಿಸಿದೆ. ಫೋರ್‌ಮನ್ ಮಾತನಾಡದೆ ನಿಂತು ನೋಡಿದರು. ಅದೇ ವಾರ ಕರಾರಿನ ಮಾತು ಬಂತು.

ವರ್ಷಕ್ಕೆ 47 ಸಾವಿರ ಯೂರೊ ಎಂದರು. ಎಂಜಿನಿಯರ್‌ಗೆ ಬ್ಲೂ ಕಾರ್ಡ್‌ನ ಕಡಿಮೆ ಮಿತಿ 2025ರಲ್ಲಿ 43,759.80, ಆದ್ದರಿಂದ ಅಷ್ಟೇ ಸಾಕಿತ್ತು. ಆದರೆ ಆ ಮಿತಿಯಲ್ಲಿ ಉದ್ಯೋಗ ಇಲಾಖೆಯ ಒಪ್ಪಿಗೆಯೂ ಬೇಕಿತ್ತು. ಆ ವರ್ಷದ ಸಾಮಾನ್ಯ ಮಿತಿ 48,300 ದಾಟಿದರೆ ಆ ಒಪ್ಪಿಗೆ ಬೇಕಿರಲಿಲ್ಲ. ಇದನ್ನು ವಿವರಿಸಿದ್ದಕ್ಕೆ ಮಾಲೀಕರು ಸಂಬಳವನ್ನೇ ಏರಿಸಿದರು. ಕಾಗದದ ಕಾಟ ತಪ್ಪುವುದಾದರೆ ಅವರಿಗೂ ಲಾಭವೇ. 45 ದಾಟಿ ಮೊದಲ ಸಲ ಬರುವವರಿಗೆ ಸಂಬಳ ಅಥವಾ ಪಿಂಚಣಿಯ ಇನ್ನೊಂದು ಷರತ್ತಿದೆ. ನನ್ನ ಓರಗೆಯವರು ಇದನ್ನು ನೆನಪಿಟ್ಟು ಬೇಗ ಹೊರಡಬೇಕು.

ಚಾನ್ಸೆನ್‌ಕಾರ್ಟೆಯ ಅವಧಿ ಮುಗಿಯುವ ಮೊದಲೇ ಬ್ಲೂ ಕಾರ್ಡ್‌ಗೆ ಅರ್ಜಿ ಹಾಕಿದೆ. ಹಾಗೆ ಹಾಕಿದರೆ ತೀರ್ಮಾನ ಬರುವವರೆಗೆ ಹಳೆಯ ಪರವಾನಗಿ ಜೀವಂತ. ವಿದೇಶಿಯರ ಕಚೇರಿ ಬಹಳ ಸತಾಯಿಸಿತು. ಮೂರು ತಿಂಗಳಾದರೂ ತೀರ್ಮಾನವಾಗದಿದ್ದರೆ ಆಡಳಿತ ನ್ಯಾಯಾಲಯಕ್ಕೆ ಹೋಗುವ ಹಕ್ಕಿದೆ ಎಂದು ಸೌಜನ್ಯದಿಂದ ನೆನಪಿಸಿದ ಮೇಲೆ ಕರೆ ಬಂತು.

ಈಗ ಜರ್ಮನ್‌ನ ಮಧ್ಯಮ ಮಟ್ಟವಾದ ಬಿ1ಕ್ಕೆ ಓದುತ್ತಿದ್ದೇನೆ. ಅದಿದ್ದರೆ 21 ತಿಂಗಳಿಗೇ ಕಾಯಂ ನಿವಾಸ, ಎ1 ಮಾತ್ರ ಇದ್ದರೆ 27. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ಜರ್ಮನ್ ಪರೀಕ್ಷೆಯ ಷರತ್ತಿಲ್ಲ, ಹೆಂಡತಿಯ ಅರ್ಜಿ ಹಾಕಿಯಾಗಿದೆ. ಬ್ಲಾಕ್ಡ್ ಖಾತೆಯ ಹಣ ಬಿಟ್ಟು, ಮುಳುಗಿದ ಮುಂಗಡ ಮತ್ತು ಏಜೆಂಟರಿಗೆ ಕೊಟ್ಟದ್ದೂ ಸೇರಿ ಎರಡೂವರೆ ಲಕ್ಷದೊಳಗೆ ಮುಗಿಸಿದ್ದೇನೆ.