ವೃತ್ತ ಇಲ್ಲದ ಜಿಂಕೆ: ಶಹಾಬಾದಿನ ಗಣಿಯಲ್ಲಿ ನನ್ನ ಬಿಲ್ಲಿನ ಅನುಭವ

ಫೋಮಿನಲ್ಲಿ ಮಾಡಿದ ಜಿಂಕೆ ಆಕಾರದ ಗುರಿಯ ಮೈಮೇಲೆ ವೃತ್ತ ಬರೆಯದೆ ಅಭ್ಯಾಸ ಮಾಡಬಹುದು ಅಂತ ನಾನು ಹೇಳಿದಾಗ ಕಲಬುರಗಿಯ ನಮ್ಮ ಬಿಲ್ಲುಗಾರ ಗೆಳೆಯರು ಒಪ್ಪಲಿಲ್ಲ. "ವೃತ್ತ ಇಲ್ಲಂದ್ರ ಅಂಕ ಹೆಂಗ ಹಾಕ್ತೀರಿ?" ಅಂದರು. ಹೊರದೇಶದ ಗುರಿ ತರಿಸದೆ ಇದು ಆಗೋ ಕೆಲಸವೇ ಅಲ್ಲ ಅಂದವರೂ ಇದ್ದರು. ಈ ಸಲ ಮಳೆ ಮುಗಿದ ಮೇಲೆ ಅದೇ ಗೆಳೆಯರು ಬಂದು ನನ್ನ ಜಿಂಕೆಗೆ ಬಾಣ ಹೊಡೆದು, ಅದನ್ನು ಬಿಚ್ಚಿ ನೋಡಿ ಹೋದರು. ಇಬ್ಬರು ತಮಗೂ ಒಂದೊಂದು ಮಾಡಿಕೊಡಿ ಅಂತ ಗಂಟುಬಿದ್ದಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜೀವಂತ ಜಿಂಕೆಗೆ ನಾನು ಬಾಣ ಬಿಟ್ಟಿಲ್ಲ, ಬಿಡುವುದೂ ಇಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕೃಷ್ಣಮೃಗ ಅದರ ಮೊದಲ ಅನುಸೂಚಿಯಲ್ಲೇ ಬರುತ್ತದೆ. ಬೀದರ್ ಕಡೆ ಹುಲ್ಲುಗಾವಲಿನಲ್ಲಿ ಅವು ಮೇಯೋದನ್ನು ನಿಂತು ನೋಡೋದೇ ನನಗೆ ದೊಡ್ಡ ಸಂತೋಷ. ನಾನು ಆಡೋದು ತ್ರೀ-ಡಿ, ಅಂದರೆ ಪ್ರಾಣಿ ಆಕಾರದ ಫೋಮ್ ಗುರಿಗೆ, ದೂರ ಗೊತ್ತಿಲ್ಲದೆ ಹೊಡೆಯೋ ಆಟ. ಈ ಆಟ ಬೆಳೆದದ್ದು ಬಿಲ್ಲುಬೇಟೆಗಾರರ ಅಭ್ಯಾಸದಿಂದಲೇ. ಅಮೆರಿಕದಂಥ ಕಡೆ ಪರವಾನಗಿ ತಗೊಂಡು ಬಿಲ್ಲಿನಲ್ಲಿ ಜಿಂಕೆ ಬೇಟೆ ಆಡುತ್ತಾರೆ. ಅಲ್ಲಿ ಒಳ್ಳೇ ಬೇಟೆಗಾರನಿಗೆ ಇರೋ ದೊಡ್ಡ ಚಿಂತೆ, ಪ್ರಾಣಿ ನರಳಬಾರದು ಅನ್ನೋದು. ಬಾಣ ಗುಂಡಿನ ಹಾಗೆ ಪೆಟ್ಟಿನಿಂದ ಕೆಡವುವುದಿಲ್ಲ, ರಕ್ತ ಹರಿಸಿ ಕೊಲ್ಲುತ್ತದೆ. ಎರಡೂ ಶ್ವಾಸಕೋಶ ಅಥವಾ ಹೃದಯ ಹಾಯ್ದರೆ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಹೊಟ್ಟೆಗೆ ಬಿದ್ದರೆ ಗಂಟೆಗಟ್ಟಲೆ ನರಳಾಟ. ಫೋಮಿಗೆ ಹೊಡೆಯುವಾಗಲೂ ಆ ಚಿಂತೆ ಇಟ್ಟುಕೊಂಡೇ ಹೊಡೆಯಬೇಕು ಅನ್ನೋದು ನನ್ನ ಹಟ.

ಮಾರೋ ಗುರಿಗಳಲ್ಲಿ ಪಕ್ಕೆಯ ಮೇಲೆ ವೃತ್ತ ಕೊರೆದಿರುತ್ತಾರೆ. ಸ್ಪರ್ಧೆಯಲ್ಲಿ ಅದಕ್ಕೆ 11, 10, 8, 5 ಅಂತ ಅಂಕ. ಸ್ಪರ್ಧೆಗೆ ಅದು ಸರಿ. ಆದರೆ ಜಿಂಕೆ ಸ್ವಲ್ಪ ತಿರುಗಿ ನಿಂತರೆ ಆ ವೃತ್ತದ ಹಿಂದೆ ಹೃದಯ ಇರುವುದಿಲ್ಲ. ವೃತ್ತ ನೋಡಿ ಪಳಗಿದ ಕಣ್ಣು ಚರ್ಮಕ್ಕೆ ಗುರಿ ಇಡುತ್ತದೆ, ಒಳಗಿನ ದಾರಿಗೆ ಇಡುವುದಿಲ್ಲ. ಬಾಣ ಎಲ್ಲಿ ಹೊಕ್ಕಿತು ಅನ್ನೋದನ್ನು ಬಿಟ್ಟು, ಒಳಗೆ ಏನನ್ನು ಹಾಯ್ದು ಹೋಯಿತು ಅಂತ ನೋಡಿ ಅಂಕ ಹಾಕಬೇಕು. ನನ್ನ ಪದ್ಧತಿ ಅಂದರೆ ಇಷ್ಟೇ.

ಒಳಗೆ ಏನಿರುತ್ತದೆ ಅಂತ ತಿಳಿಯೋಕೆ ನಮ್ಮೂರ ಮಟನ್ ಅಂಗಡಿಗೆ ಹೋದೆ. ಆಡಿನ ಎದೆಗೂಡೂ ಜಿಂಕೆಯ ಎದೆಗೂಡೂ ಹತ್ತಿರ ಹತ್ತಿರ ಒಂದೇ ರೀತಿ. ಅಂಗಡಿಯವರು ಒಳ್ಳೆಯವರು, ಆಡನ್ನು ನೇತು ಹಾಕೋ ಮೊದಲೇ ನೆಲದ ಮೇಲೆ ಮಲಗಿಸಿ ಪಕ್ಕೆ ತೆರೆದು ತೋರಿಸಿದರು. ಹೃದಯ ಎದೆಯ ತೀರಾ ತಳದಲ್ಲಿತ್ತು, ಮುಂಗಾಲಿನ ಮೊಣಕೈ ನೇರಕ್ಕೆ. ಅದರ ಮೇಲೆ, ಹಿಂದೆ ಶ್ವಾಸಕೋಶ ಹರಡಿಕೊಂಡಿತ್ತು. ಮುಂದೆ ಭುಜದ ಚಪ್ಪಟೆ ಮೂಳೆ ಅಡ್ಡ. ಸೈಕಲ್ ಕಡ್ಡಿ ತಗೊಂಡು ಹೋಗಿದ್ದೆ. ಪಕ್ಕೆಲುಬಿನ ಸಂದಿಯಿಂದ ನೇರವಾಗಿ, ಓರೆಯಾಗಿ, ಮೇಲಿನಿಂದ ಹೀಗೆ ತೂರಿಸಿ ತೂರಿಸಿ ನೋಡಿದೆ. ಓರೆಯಾಗಿ ಹಿಂದಿನಿಂದ ತೂರಿಸಿದಾಗ, ಹೃದಯ ಮುಟ್ಟೋಕೆ ಕಡ್ಡಿಯನ್ನು ಒಂದು ಗೇಣು ಹಿಂದೆ ಸರಿಸಿ ಹೊಗಿಸಬೇಕಾಯಿತು. ನನಗೆ ಈ ಕಡ್ಡಿಯಷ್ಟು ಚೆನ್ನಾಗಿ ಬೇರೆ ಯಾವ ಚಿತ್ರವೂ ಕಲಿಸಲಿಲ್ಲ.

ಇನ್ನು ಗುರಿ ಮಾಡೋ ಸಾಮಾನು. ದುಡ್ಡು ಹೋದದ್ದು ಇಲ್ಲೇ. ಮೊದಲು ತೊಗರಿ ಕಟ್ಟಿಗೆ ಹೊರೆ ಬಿಗಿದು ನೋಡಿದೆ. ನಮ್ಮಲ್ಲಿ ಅದು ಪುಕ್ಕಟೆ ಸಿಗುತ್ತದೆ. ಆದರೆ ಬಾಣ ಸಂದಿಯಲ್ಲಿ ತೂರಿ ಆಚೆ ಹೋಗುತ್ತಿತ್ತು, ಇಲ್ಲವೇ ಗಂಟಿಗೆ ಬಡಿದು ಬಾಣದ ಕಾರ್ಬನ್ ಕಡ್ಡಿಯೇ ಸೀಳುತ್ತಿತ್ತು. ಒಂದು ಬಾಣಕ್ಕೆ ಆರೇಳು ನೂರು ಕೊಟ್ಟವರಿಗೆ ಆ ಸಪ್ಪಳ ಹೆಂಗಿರುತ್ತೆ ಅಂತ ಗೊತ್ತು. ಸೋಫಾ ಫೋಮ್ ಬಾಣವನ್ನು ತಡೆಯಲೇ ಇಲ್ಲ. ಥರ್ಮೋಕೋಲ್ ಉಜ್ಜಾಟದ ಬಿಸಿಗೆ ಕರಗಿ ಬಾಣಕ್ಕೆ ಮೆತ್ತಿಕೊಂಡಿತು. ಗೋಣಿ ಚೀಲಕ್ಕೆ ಹಳೇ ಸೀರೆ, ಬಟ್ಟೆ ಒತ್ತಿ ತುಂಬಿದರೆ ಬಾಣ ಚೆನ್ನಾಗಿ ನಿಲ್ಲುತ್ತದೆ. ದಿನದ ಅಭ್ಯಾಸಕ್ಕೆ ಈಗಲೂ ನಾನು ಅದನ್ನೇ ಹೊಡೆಯುತ್ತೇನೆ. ಆದರೆ ಅದಕ್ಕೆ ಜಿಂಕೆ ಆಕಾರ ಬರೋದಿಲ್ಲ, ಮಳೆ ನೀರು ಕುಡಿದರೆ ಎತ್ತೋಕೂ ಆಗೋದಿಲ್ಲ.

ಕೊನೆಗೆ ಕೈ ಹಿಡಿದದ್ದು ಚಪ್ಪಲಿ ಅಟ್ಟೆಗೆ ಬಳಸೋ, ಇವಿಎ ಅನ್ನೋ ಫೋಮಿನ ಹಾಳೆ. ಹೈದರಾಬಾದಿನಲ್ಲಿ ಗುಜರಿ ಲೆಕ್ಕಕ್ಕೆ, ತೂಕದ ಮೇಲೆ ಸಿಕ್ಕಿತು. ಮೊದಲನೇ ಜಿಂಕೆಯನ್ನು ಹಾಳೆಗೆ ಹಾಳೆ ಅಂಟಿಸಿ ಮಾಡಿದೆ, ಎಲ್ಲರೂ ಹೇಳೋದು ಹಾಗೇ ತಾನೇ. ಮೇ ತಿಂಗಳಲ್ಲಿ ನಮ್ಮ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಅಂಟು ಮೆತ್ತಗಾಗಿ ಬಾಣಕ್ಕೆ ಹತ್ತಿತು, ಕೀಳೋಕೆ ಇಬ್ಬರು ಬೇಕಾಯಿತು. ಕಿತ್ತ ಮೇಲೆ ಬಾಣದ ಮೇಲಿನ ಅಂಟು ತೆಗೆಯೋದೇ ಇನ್ನೊಂದು ಕೆಲಸ. ಆ ಜಿಂಕೆಗೆ ಹಾಕಿದ ಮೂರು ಸಾವಿರ ಹೆಚ್ಚು ಕಡಿಮೆ ಪೂರ್ತಿ ಹೋಯಿತು.

ಎರಡನೇ ಜಿಂಕೆಗೆ ಅಂಟು ಹಾಕಲೇ ಇಲ್ಲ. ಹಾಳೆಗಳನ್ನು ಹೊಟ್ಟೆಯಿಂದ ಬೆನ್ನಿನ ತನಕ ಒಂದರ ಮೇಲೊಂದು ಅಡ್ಡಡ್ಡ ಪೇರಿಸಿದೆ. ಸುಮಾರು ಮೂವತ್ತೈದು ಪದರ ಬಂತು. ಕೆಳಗೊಂದು, ಮೇಲೊಂದು ಪ್ಲೈವುಡ್ ಪಟ್ಟಿ. ಕುತ್ತಿಗೆ ಬುಡದಲ್ಲಿ ಒಂದು, ಸೊಂಟದಲ್ಲಿ ಒಂದು, ಹೀಗೆ ಲಾರಿಗೆ ಸರಕು ಬಿಗಿಯೋ ಎರಡು ಬೆಲ್ಟು. ಪದರಗಳು ಅಡ್ಡ ಇರೋದರಿಂದ ಜಿಂಕೆಯನ್ನು ಯಾವ ಕಡೆ ತಿರುಗಿಸಿ ನಿಲ್ಲಿಸಿದರೂ ಬಾಣ ಹಾಳೆಯ ಅಂಚಿಗೇ ಬೀಳುತ್ತದೆ, ಎರಡು ಹಾಳೆ ನಡುವೆ ಸಿಕ್ಕಿ ನಿಲ್ಲುತ್ತದೆ. ಕೆಳಗಿನ ಪದರಗಳಲ್ಲಿ ಮುಷ್ಟಿಯಷ್ಟು ತೂತು ಕೊರೆದು ಕೆಂಪು ತುಂಡು ಕೂರಿಸಿದೆ. ಅದು ಹೃದಯ. ಮೇಲಿನ ಪದರಗಳಲ್ಲಿ ಎರಡು ಕಡೆ ನೀಲಿ ತುಂಡು, ಶ್ವಾಸಕೋಶ. ಹೊರಗಿನಿಂದ ನೋಡಿದರೆ ಕಂದು ಬಣ್ಣ ಬಿಟ್ಟು ಬೇರೇನೂ ಕಾಣುವುದಿಲ್ಲ.

ಹೊಡೆದ ಮೇಲೆ ಬೆಲ್ಟು ಸಡಿಲಿಸಿ ಪದರ ಎತ್ತಿದರೆ ಬಾಣ ಬಿಡಿಸಿದ ಗೆರೆ ಹಾಳೆಯ ಮೇಲೆ ಕಾಣುತ್ತದೆ. ಕೆಂಪು ಹಾಯ್ದಿದೆಯೋ, ಎರಡೂ ನೀಲಿ ಹಾಯ್ದಿದೆಯೋ, ಒಂದೇ ನೀಲಿಯೋ, ವಾದಕ್ಕೆ ಜಾಗವೇ ಇಲ್ಲ. ಕೆಂಪಿಗೂ ಎರಡು ನೀಲಿಗೂ ಪೂರ್ತಿ ಅಂಕ. ಒಂದೇ ನೀಲಿಗೆ ಸೊನ್ನೆ. ಒಂದೇ ಶ್ವಾಸಕೋಶಕ್ಕೆ ತಾಗಿದ ಜಿಂಕೆ ಬಹಳ ದೂರ ಓಡಿ ಎಲ್ಲೋ ನರಳುತ್ತದೆ, ಅದಕ್ಕೆ ಅಂಕ ಕೊಡೋದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಬೆಲ್ಟನ್ನು ಎಷ್ಟು ಬಿಗಿಯಬೇಕು, ಬಾಣ ಸುಲಭವಾಗಿ ಬರೋಕೆ ಅದಕ್ಕೆ ಏನು ಸವರುತ್ತೇನೆ, ಈ ಎರಡು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಎರಡು ಬೇಸಿಗೆ ಕೊಟ್ಟಿದ್ದೇನೆ.

ಜಾಗ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಶಹಾಬಾದಿನ ಸುತ್ತ ಬಿಟ್ಟ ಪರಸಿ (ನೆಲಹಾಸು ಕಲ್ಲು) ಗಣಿಗಳು ಬೇಕಾದಷ್ಟು. ಮಾಲೀಕರನ್ನು ಕೇಳಿ ಒಂದರಲ್ಲಿ ಹೊಡೆಯುತ್ತೇನೆ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಆಗ ಬಂದ್. ಹಿಂದೆ ಕಲ್ಲಿನ ಗೋಡೆ ಇರೋದರಿಂದ ಬಾಣ ಯಾರ ಹೊಲಕ್ಕೂ ಹೋಗುವುದಿಲ್ಲ. ಆದರೆ ತಪ್ಪಿದ ಬಾಣ ಪರಸಿಗೆ ಬಡಿದರೆ ಮುಗಿಯಿತು. ಅದಕ್ಕೆ ಸಿಮೆಂಟ್ ಫ್ಯಾಕ್ಟರಿಯ ಹಳೇ ಕನ್ವೇಯರ್ ಬೆಲ್ಟ್ ತುಂಡು ಗುಜರಿಯಲ್ಲಿ ತಂದು ಜಿಂಕೆಯ ಹಿಂದೆ ತೂಗುಹಾಕಿದೆ. ಬಿಗಿಯಾಗಿ ಕಟ್ಟಬೇಡಿ, ಸಡಿಲವಾಗಿ ಜೋತಾಡಬೇಕು. ಹೊಲದಲ್ಲಿ ಹೊಡೆಯೋರಿಗೆ ಇನ್ನೊಂದು ಕಷ್ಟ ಇದೆ. ಬೇಸಿಗೆಯಲ್ಲಿ ಎರೆ ಭೂಮಿ ಬಿರುಕು ಬಿಟ್ಟಿರುತ್ತದೆ, ಬಾಣ ಬಿರುಕಿನೊಳಗೆ ಇಳಿದರೆ ಸಿಗೋದು ಕಷ್ಟ.

ದೂರದ ಅಂದಾಜು ಬಗ್ಗೆ ಒಂದು ಲೆಕ್ಕ. ನನ್ನದು ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು; ಎಳೆಯೋಕೆ ನಲವತ್ತು ಚಿಲ್ಲರೆ ಪೌಂಡ್ ಬಲ ಬೇಕು. ಬಾಣ ಸೆಕೆಂಡಿಗೆ 55 ಮೀಟರ್ ಅಂದಾಜು ಹೋಗುತ್ತದೆ. ಜಿಂಕೆ 25 ಮೀಟರಿನಲ್ಲಿ ಇರುವಾಗ 20 ಅಂತ ತಿಳಿದು ಬಿಟ್ಟರೆ ಬಾಣ 20 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಹತ್ತಿರ ಹತ್ತಿರ ಒಂದು ಗೇಣು. ಅಂದರೆ ಹೃದಯದ ಬದಲು ಕಾಲು. ಕಾಂಪೌಂಡಿನಲ್ಲಿ, ಅಂದರೆ ತುದಿಗೆ ಗಾಲಿ ಇರೋ ಬಿಲ್ಲಿನಲ್ಲಿ, 85 ಮೀಟರ್ ವೇಗ ಇದ್ದರೆ ಇದೇ ತಪ್ಪಿಗೆ ಎಂಟೊಂಬತ್ತು ಸೆಂಟಿಮೀಟರ್ ಅಷ್ಟೇ. ಬಯಲಿನಲ್ಲಿ, ತಗ್ಗಿನ ಆಚೆ ನಿಂತ ಗುರಿ ಸಾಮಾನ್ಯವಾಗಿ ಇರೋದಕ್ಕಿಂತ ಹತ್ತಿರ ಕಾಣುತ್ತದೆ, ನೆನಪಿಡಿ. ನಾನು ಕಣ್ಣು ಪಳಗಿಸಿದ್ದು ತೊಗರಿ ಹೊಲದಲ್ಲಿ. ನಮ್ಮ ಹೊಲದಲ್ಲಿ ಸಾಲಿನಿಂದ ಸಾಲಿಗೆ ಮೂರು ಅಡಿ. ಕಣ್ಣಲ್ಲಿ ದೂರ ಹೇಳೋದು, ಆಮೇಲೆ ಸಾಲು ಎಣಿಸೋದು. ರಾಶಿ ಆಗೋ ತನಕ ದಿನಾ ಸಂಜೆ ಇದೇ ಕೆಲಸ. ದುಡ್ಡು ಬೇಡ, ಬಿಲ್ಲೂ ಬೇಡ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಜೀವಂತ ಜಿಂಕೆ ಹೆದೆಯ ಸಪ್ಪಳ ಕೇಳಿದ ಕೂಡಲೇ ಜಿಗಿಯೋಕೆ ಮೊದಲು ಮೈ ಕುಗ್ಗಿಸುತ್ತದೆ. ಬಾಣ ಬೆನ್ನ ಮೇಲಿಂದ ಹೋಗಿಬಿಡುತ್ತದೆ. ಇದನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಕಬ್ಬಿಣದ ಮುಕ್ಕಾಲಿಗೆ ಬಾವಿ ರಾಟೆ ಕಟ್ಟಿ, ಹಗುರ ಚೀಲದ ಜಿಂಕೆಯನ್ನು ಹಗ್ಗದಲ್ಲಿ ತೂಗುಹಾಕಿದೆ. ಉದ್ದ ಹಗ್ಗದ ಇನ್ನೊಂದು ತುದಿ ನನ್ನ ಹಿಂದೆ ನಿಂತ ಅಣ್ಣನ ಮಗನ ಕೈಯಲ್ಲಿ. ಹೆದೆ ಸಪ್ಪಳ ಕೇಳಿದ ಕೂಡಲೇ ಬಿಟ್ಟುಬಿಡು ಅಂತ ಹೇಳಿದ್ದೆ. ಹುಡುಗ ಚುರುಕು, ನನ್ನ ಬೆರಳು ನೋಡಿ ಮೊದಲೇ ಬಿಡೋಕೆ ಶುರು ಮಾಡಿದ. ಬೆನ್ನು ತಿರುಗಿಸಿ ನಿಲ್ಲಿಸಿದೆ, ಆಗ ಸರಿಹೋಯಿತು. 20 ಮೀಟರಿನಲ್ಲಿ ಬಾಣ ಮುಟ್ಟೋ ಹೊತ್ತಿಗೆ ಚೀಲ ನಾಲ್ಕೈದು ಬೆರಳು ಇಳಿದಿರುತ್ತಿತ್ತು, ತುಸು ಕೆಳಗೆ ಗುರಿ ಇಟ್ಟರೆ ಸಾಕು. 30 ಮೀಟರಿನಲ್ಲಿ ಒಂದೂವರೆ, ಎರಡು ಅಡಿ ಇಳಿದು, ಬಾಣ ಪೂರ್ತಿ ಮೇಲಿಂದ ಹೋಯಿತು. ಆವತ್ತಿನಿಂದ ನನ್ನ ಬಿಲ್ಲಿಗೆ 20 ಮೀಟರೇ ಗಡಿ ಅಂತ ಇಟ್ಟುಕೊಂಡಿದ್ದೇನೆ.

ಸಪ್ಪಳ ಕಮ್ಮಿ ಮಾಡೋಕೆ ಹೆದೆಗೆ ರಬ್ಬರ್ ಮೀಸೆ ಮಾರುತ್ತಾರೆ. ನಾನು ಕಂಬಳಿ ನೇಯುವವರ ಹತ್ತಿರ ಒಂದು ಹಿಡಿ ಕುರಿ ಉಣ್ಣೆ ಇಸಕೊಂಡು, ಹೆದೆಯ ಎರಡೂ ತುದಿಯಿಂದ ಕಾಲು ಭಾಗಕ್ಕೆ ಒಂದೊಂದು ಕುಚ್ಚು ಕಟ್ಟಿದೆ. "ಕಾಕಾ, ಈಗ ಸಪ್ಪಳನೇ ಬರವಲ್ದು, ಹಗ್ಗ ಯಾವಾಗ ಬಿಡ್ಲಿ?" ಅಂದ ಹುಡುಗ. ಬಾಣದ ವೇಗ ಚೂರು ಕಮ್ಮಿ ಆಗುತ್ತದೆ, ಪರವಾಗಿಲ್ಲ.

ಸುರಪುರದ ಕಡೆ ಒಬ್ಬರು ಮುತ್ಯಾ ಇದ್ದಾರೆ. ಬೇಡರ ನಾಡು ಅದು, 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರಿಗೆ ಎದುರು ನಿಂತ ಊರು. ಕಾಯ್ದೆ ಬರೋ ಮುಂಚೆ, ಹುಡುಗರಿದ್ದಾಗ, ಹಿರಿಯರ ಜೊತೆ ಅಡವಿಗೆ ಹೋದವರು. ನನ್ನ ಪದರದ ಜಿಂಕೆಯ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, "ಎದುರು ನಿಂತದ್ದಕ್ಕ ಬಿಡಬಾರ್ದು ತಮ್ಮಾ. ಆಚಿ ಮುಂಗಾಲು ನೋಡಿ ಬಿಡಬೇಕು" ಅಂದರು. ಸೈಕಲ್ ಕಡ್ಡಿ ನನಗೆ ಹೇಳಿದ್ದೂ ಅದನ್ನೇ. ಜಿಂಕೆ ಓರೆಯಾಗಿ ಆಚೆ ಮುಖ ಮಾಡಿ ನಿಂತರೆ, ಈ ಕಡೆಯ ಚರ್ಮ ಮರೆತುಬಿಡಿ. ಬಾಣ ಆಚೆ ಬದಿಯ ಮುಂಗಾಲಿನ ಹತ್ತಿರ ಹೊರಬರಬೇಕು ಅಂತ ಗೆರೆ ಎಳೆದುಕೊಳ್ಳಿ. ನಿಮ್ಮ ಕಡೆ ಮುಖ ಮಾಡಿದ್ದರೆ ಹೆದೆ ಇಳಿಸಿ, ಕಾಯಿರಿ.

ಗೆಳೆಯರು ಬಂದ ದಿನ ಆದದ್ದೂ ಇದೇ. ಅವರಲ್ಲಿ ಒಬ್ಬರ ಹತ್ತಿರ ಲಕ್ಷದ ಹತ್ತಿರದ ಕಾಂಪೌಂಡ್, ಗುರಿ ನೋಡೋ ಸೈಟು, ಹೆದೆ ಬಿಡೋ ರಿಲೀಸು ಎಲ್ಲ ಇತ್ತು. ಜಿಂಕೆ ಅಡ್ಡ ನಿಂತಾಗ ಅವರ ಬಾಣಗಳು ಒಂದೇ ಕಡೆ, ಬೆರಳು ಇಡೋಕೆ ಜಾಗ ಇಲ್ಲದ ಹಾಗೆ ಕೂತವು. ಅಲ್ಲಿ ನಾನು ಅವರ ಹತ್ತಿರಕ್ಕೂ ಹೋಗಲಾರೆ. ಆಮೇಲೆ ಜಿಂಕೆಯನ್ನು 45 ಡಿಗ್ರಿ ಆಚೆ ತಿರುಗಿಸಿದೆ. ಅವರು ಅದೇ ಮೊಣಕೈ ಹಿಂದಿನ ಜಾಗಕ್ಕೆ ಹೊಡೆದರು, ನೋಡೋಕೆ ಬಹಳ ಚೆಂದದ ಹೊಡೆತ. ಪದರ ಎತ್ತಿದೆ. ಗೆರೆ ಈ ಬದಿಯ ನೀಲಿಯನ್ನು ಸವರಿ ಹೃದಯದ ಮುಂದಿನಿಂದ ಹಾಯ್ದು ಎದೆಯಾಚೆ ಹೋಗಿತ್ತು. ನನ್ನ ಎರಡು ಬಾಣ ಹೊರಗಿನಿಂದ ಹೊಟ್ಟೆಗೆ ಬಿದ್ದ ಹಾಗೆ ಕಾಣುತ್ತಿದ್ದವು, ಪಾಪ ಅಂದವರೂ ಇದ್ದರು. ಒಳಗೆ ನೋಡಿದರೆ ಎರಡೂ ಕೆಂಪಿನ ನಡುವೆ. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಾಂಪೌಂಡಿನವರೇ ಮೊದಲು ಬಗ್ಗಿ, ಗೆರೆಯ ಮೇಲೆ ಬೆರಳು ಎಳೆದು, "ಇನ್ನೊಮ್ಮಿ ತಿರಗಸ್ರಿ" ಅಂದರು. ಕತ್ತಲಾಗೋ ತನಕ ತಿರುಗಿಸಿದ್ದೇ ತಿರುಗಿಸಿದ್ದು. ಅವರಿಗೆ ದಾರಿ ಹಿಡಿಯೋಕೆ ಬಹಳ ಹೊತ್ತು ಬೇಕಾಗಲಿಲ್ಲ.

ಮೇಲಿನಿಂದ ಕೆಳಕ್ಕೆ ಹೊಡೆಯೋದು ಇನ್ನೂ ಪೂರ್ತಿ ಕೈಗೆ ಹತ್ತಿಲ್ಲ. ಗಣಿಯ ದಂಡೆ ಮೇಲೆ ನಿಂತು ಕಡಿದಾಗಿ ಹೊಡೆದರೆ ಬಾಣ ಪದರಗಳನ್ನು ಅಡ್ಡ ಕತ್ತರಿಸುತ್ತದೆ, ಗೆರೆ ಓದೋದು ಕಷ್ಟ. ಅದಕ್ಕೆ ಹಾಳೆಗಳನ್ನು ನಿಲ್ಲಿಸಿ ಜೋಡಿಸಿದ ಮೂರನೇ ಜಿಂಕೆ ಬೇಕು. ಸಾಮಾನು ತಂದಿಟ್ಟಿದ್ದೇನೆ.

ಖರ್ಚು ಕೇಳೋರಿಗೆ: ಹೊರಗಿನಿಂದ ತರಿಸೋ ಗುರಿಗೆ ಸಾಗಣೆ, ಸುಂಕ ಸೇರಿ ಮೂವತ್ತು ಸಾವಿರದ ಮೇಲೆ ಹೇಳಿದ್ದರು. ನನ್ನ ಎರಡನೇ ಜಿಂಕೆಗೆ ಹಾಳೆ ನಾಲ್ಕು ಸಾವಿರ, ಎರಡು ಬೆಲ್ಟು ಎಂಟು ನೂರು, ಪ್ಲೈವುಡ್ಡು, ಬಿದಿರಿನ ಕಾಲು, ಬಣ್ಣ ಎಲ್ಲ ಸೇರಿ ಆರು ಸಾವಿರದೊಳಗೆ. ಮುರಿದ ಬಾಣಗಳ ಲೆಕ್ಕ ಹಿಡಿದರೆ ಅದರ ಎರಡರಷ್ಟು. ಕೆಂಪು ನೀಲಿ ತುಂಡು ಎರಡು ಮೂರು ತಿಂಗಳಿಗೊಮ್ಮೆ ಬದಲಿಸಬೇಕು, ಐವತ್ತು ರೂಪಾಯಿ ಕೆಲಸ. ಬಂದು ಹೊಡೆಯೋರು ಫೀಲ್ಡ್ ಪಾಯಿಂಟ್, ಅಂದರೆ ಅಲಗಿಲ್ಲದ ಮೊನೆಯ ಬಾಣ ಮಾತ್ರ ತನ್ನಿ. ಅಲಗಿನ ಬಾಣ ಫೋಮ್ ಸೀಳುತ್ತದೆ, ಅಂಥದ್ದು ನಮ್ಮ ಚೀಲದಲ್ಲಿ ಇರಬೇಕಾದ ಅಗತ್ಯವೂ ಇಲ್ಲ.